ನೊಮ್ಸಾ ಹಾಡು ನಿಲ್ಲಿಸಿದಾಗ

ನೊಮ್ಸಾಳ ಒಪೆರಾದ ಕೊನೆಯನ್ನು ಕೆಡಿಸಿದವಳು ನಾನು. ಗೊತ್ತಿಲ್ಲದೆ ಅಲ್ಲ, ಬೇಕೆಂದೇ. ಸೌದಿಯ ದಹ್ರಾನಿನಲ್ಲಿ, ವಿದೇಶಿ ನೌಕರರ ನಮ್ಮ ವಸತಿ ಕಾಂಪೌಂಡಿನ ಹಾಲ್‌ನಲ್ಲಿ ಅಂದು ವೇದಿಕೆಯ ಮೇಲಿದ್ದವರೆಲ್ಲ ಅದನ್ನು ಗಡಿಬಿಡಿಯಲ್ಲಿ ಆದ ತಪ್ಪು ಎಂದುಕೊಂಡರು. ಹಾಗೆಯೇ ಅಂದುಕೊಳ್ಳಲಿ ಎಂದು ನಾನೂ ಬಿಟ್ಟೆ.

ನೊಮ್ಸಾ ದಕ್ಷಿಣ ಆಫ್ರಿಕಾದವಳು, ಇಲ್ಲಿನ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದಳು. ನಾನು ಮಂಗಳೂರಿನವಳು, ಚಿಕ್ಕಂದಿನಿಂದ ಇಗರ್ಜಿಯಲ್ಲಿ ಆರ್ಗನ್ ನುಡಿಸಿದವಳು, ಇಲ್ಲಿ ಕಾಂಪೌಂಡಿನ ಮಕ್ಕಳಿಗೆ ಪಿಯಾನೊ ಕಲಿಸುತ್ತೇನೆ. ನೊಮ್ಸಾಳ ತಂಗಿ ಊರಿನಲ್ಲಿ ತೀರಿಕೊಂಡಾಗ ಅವಳಿಗೆ ರಜೆ ಸಿಗಲಿಲ್ಲ. ಆ ದುಃಖವನ್ನು ಏನು ಮಾಡುವುದೆಂದು ತಿಳಿಯದೆ ಅವಳು ಒಂದು ಪುಟ್ಟ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಬರೆದಳು. ಮೊದಲ ಭಾಗ ಯುರೋಪಿನ ರೀತಿಯದು—ನನ್ನ ಪಿಯಾನೊದ ಜೊತೆ ಅವಳೊಬ್ಬಳೇ ನಿಂತು, ಎತ್ತರದ ದನಿಯಲ್ಲಿ ತಂಗಿಯನ್ನು ಕರೆಯುತ್ತಾಳೆ. ಕರೆಯುತ್ತ ಕರೆಯುತ್ತ ಮುಂದೆ ಹಾಡಲಾಗದವಳಂತೆ ನಿಲ್ಲಿಸಿಬಿಡುತ್ತಾಳೆ. ಆಗ ಪಿಯಾನೊ ಸುಮ್ಮನಿರಬೇಕು. ಹಿಂದೆ ನಿಂತ ಕೀನ್ಯಾದ, ನೈಜೀರಿಯಾದ ನರ್ಸುಗಳು ಮೆಲ್ಲನೆ ಗುನುಗತೊಡಗಿ, ಡೋಲು ಸೇರಿ, ಅವಳು ಬಿಟ್ಟ ಹಾಡನ್ನು ಅವರು ಎತ್ತಿಕೊಳ್ಳಬೇಕು. ಅವಳ ಊರಿನ ಸಾವಿನ ಮನೆಯಲ್ಲಿ ಹಾಗೆಯೇ ಅಂತೆ, ಅಳುವವಳು ಸೋತಲ್ಲಿಂದ ಉಳಿದ ಹೆಂಗಸರು ಮುಂದುವರಿಸುತ್ತಾರಂತೆ. ಅದೆಲ್ಲ ಮುಗಿದ ಮೇಲೆ ನನ್ನ ಕೊನೆಯ ಸ್ವರ. ಅದು ಕೇಳಿದರೆ ಒಪೆರಾ ಮುಗಿಯಿತೆಂದು ಅರ್ಥ.

"ನಾನು ನಿಲ್ಲಿಸಿದಾಗ ನನ್ನನ್ನು ಕಾಪಾಡಲು ಬರಬೇಡ, ಆಯ್ತಾ?" ಎಂದು ಅಭ್ಯಾಸದ ಹೊತ್ತಿನಲ್ಲಿ ನಗುತ್ತಿದ್ದಳು. ನನ್ನ ಚಾಳಿ ಅವಳಿಗೆ ಗೊತ್ತಿತ್ತು. ಇಗರ್ಜಿಯಲ್ಲಿ ಹಾಡುವವರು ತಡವರಿಸಿದರೆ ಆರ್ಗನಿನವರು ತಕ್ಷಣ ನುಡಿಸಿ ಅದನ್ನು ಮುಚ್ಚುತ್ತಾರೆ. ನನ್ನ ಕೈ ಪಳಗಿದ್ದೇ ಅದರಲ್ಲಿ.

ಇನ್ನು, ಯಾರಿಗೂ ಹೇಳದ ಮಾತು. ಅದರ ಹಿಂದಿನ ವರ್ಷ ನನ್ನ ಅಮ್ಮ ತೀರಿಕೊಂಡಿದ್ದರು. ನನ್ನ ಪಾಸ್‌ಪೋರ್ಟ್ ನವೀಕರಣಕ್ಕೆ ಹೋಗಿತ್ತು, ಊರಿಗೆ ಹೋಗಲಾಗಲಿಲ್ಲ. ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದೆ. ನಡುವೆ ಚಿತ್ರ ನಿಂತುಹೋಯಿತು. ಇಲ್ಲಿನ ಪಕ್ಕದ ಮನೆಯವರು ಫೋನಿಗೆ ಕೈಮುಗಿಯುವ ಇಮೋಜಿಯೊಂದನ್ನು ಕಳಿಸಿದರು. ನನ್ನ ಗಂಡ, "ಕ್ಲಾಸಿಗೆ ಹೋಗು ಮಾರಾಯ್ತಿ, ಮನೆಯಲ್ಲಿ ಒಬ್ಬಳೇ ಕೂತು ಎಂತ ಮಾಡ್ತಿ?" ಎಂದರು. ಒಳ್ಳೆಯದಕ್ಕೇ ಹೇಳಿದ್ದು. ನಾನು ಹೋದೆ, ಪಾಠ ಮಾಡಿದೆ. ಅಳು ಬರುತ್ತದೆಂದು ಕಾದೆ—ಬರಲಿಲ್ಲ. ಯಾರೂ ಕೇಳಲೂ ಇಲ್ಲ.

ಪ್ರದರ್ಶನದ ಸಂಜೆ ನೊಮ್ಸಾ ಹಾಡಿ, ಹೇಳಿದ್ದಂತೆಯೇ ನಿಲ್ಲಿಸಿದಳು. ಹಿಂದಿನ ಹೆಂಗಸರು ಉಸಿರೆಳೆದುಕೊಳ್ಳುವುದು ನನಗೆ ಕೇಳಿಸಿತು. ಅಷ್ಟೂ ಜನ—ಅವಳೊಬ್ಬಳಿಗಾಗಿ. ನನಗೆ ಒಬ್ಬರೂ... ಹೌದು, ನಾನು ಒಬ್ಬಳ ದುಃಖವನ್ನು ನೋಡಿ ಹೊಟ್ಟೆಕಿಚ್ಚುಪಟ್ಟೆ. ಬರೆಯಲೂ ನಾಚಿಕೆಯಾಗುತ್ತದೆ. ಎರಡೂ ಕೈಯಿಂದ ಕೊನೆಯ ಸ್ವರವನ್ನು ಒತ್ತಿದೆ, ಜೋರಾಗಿಯೇ.

ಜನ ಚಪ್ಪಾಳೆ ತಟ್ಟಿದರು. ಹಾಡಲು ತೆರೆದಿದ್ದ ಹೆಂಗಸರ ಬಾಯಿಗಳು ಮುಚ್ಚಿದವು. ನೊಮ್ಸಾ ಹಿಂದೆ ತಿರುಗಿ ಆ ಹೆಂಗಸರನ್ನು ನೋಡಿದಳು, ಆಮೇಲೆ ಜನರಿಗೆ ತಲೆಬಾಗಿದಳು. ಕೆಲವೇ ದಿನಗಳಲ್ಲಿ ಅವಳ ಕೆಲಸದ ಕರಾರು ಮುಗಿಯುವುದಿತ್ತು. ಇನ್ನೊಂದು ಪ್ರದರ್ಶನ ಇರಲಿಲ್ಲ.

ಪರದೆಯ ಹಿಂದೆ ಅವಳೇ ನನ್ನನ್ನು ಹುಡುಕಿಕೊಂಡು ಬಂದಳು. "ನಾನು ನಿಜವಾಗಿ ಸೋತೆ ಅಂತ ಹೆದರಿದೆಯಲ್ಲ? ಪರವಾಗಿಲ್ಲ, ನಿನ್ನ ಕೈಯ ಅಭ್ಯಾಸ."

"ಹೌದು," ಎಂದೆ.

ಅವಳು ನನ್ನನ್ನು ಅಪ್ಪಿಕೊಂಡಳು. ಆಗ, ಒಂದು ವರ್ಷದಿಂದ ಬಾರದಿದ್ದ ಅಳು ಬಂತು. ಅವಳ ಹೆಗಲ ಮೇಲೆ ನನ್ನ ಅಮ್ಮನಿಗಾಗಿ ಬಿಕ್ಕಿಬಿಕ್ಕಿ ಅತ್ತೆ. ಪಶ್ಚಾತ್ತಾಪಕ್ಕೆ ಅಳುತ್ತಿದ್ದಾಳೆ ಎಂದುಕೊಂಡು ಆ ಹೆಂಗಸರೆಲ್ಲ ಸುತ್ತ ನಿಂತು ನನ್ನ ಬೆನ್ನು ಸವರಿದರು. ನೊಮ್ಸಾ ಮಾತ್ರ ಅಳಲಿಲ್ಲ. ಅವಳು ನನ್ನನ್ನು ಸಮಾಧಾನ ಮಾಡುತ್ತಿದ್ದಳು.

ಅವಳು ಈಗ ಊರಿನಲ್ಲಿದ್ದಾಳೆ. ಹಬ್ಬಕ್ಕೆ ಶುಭಾಶಯ ಕಳಿಸುತ್ತಾಳೆ, ನಾನೂ ಕಳಿಸುತ್ತೇನೆ. ಈ ಶುಕ್ರವಾರ ಫೋನ್ ಮಾಡಿ, ಬೇಕೆಂದೇ ನುಡಿಸಿದೆ ಎಂದು ಹೇಳುತ್ತೇನೆ. ಕ್ಷಮಿಸು ಎನ್ನುವುದಿಲ್ಲ—ಕೇಳಿದರೆ ಅವಳು ಕ್ಷಮಿಸಿಬಿಡುತ್ತಾಳೆ. ಅವಳ ಪಾಲಿನ ಸಮಾಧಾನವನ್ನು ಅಂದೇ ಕಸಿದುಕೊಂಡೆ, ಅವಳಿಂದ ಇನ್ನೇನನ್ನೂ ತೆಗೆದುಕೊಳ್ಳಲಾರೆ.