ಕಬ್ಬಿಣದ ಮುತ್ತೈದೆಗೆ ಕುಂಕುಮ

ನನ್ನ ಮಗಳ ಮದುವೆಯನ್ನು ತಡೆದು ನಿಲ್ಲಿಸಿದ್ದು ಪುರೋಹಿತರು ಕಳಿಸಿದ ಒಂದು ಆನ್‌ಲೈನ್ ಫಾರ್ಮು. ಅದರಲ್ಲಿ ವರನ ಗೋತ್ರ, ತಂದೆ, ತಾತ, ಮುತ್ತಾತ ಎಂಬ ನಾಲ್ಕು ಖಾನೆಗಳಿದ್ದು, ಪ್ರತಿಯೊಂದರ ಪಕ್ಕದಲ್ಲೂ ಕೆಂಪು ನಕ್ಷತ್ರವೊಂದು ಕಾವಲಿಗಿತ್ತು. ತುಂಬದೆ ಮುಂದಕ್ಕೆ ಬಿಡುವುದಿಲ್ಲ. ಮುಂದಕ್ಕೆ ಹೋಗದೆ ಮುಹೂರ್ತ ಖಾತ್ರಿಯಾಗುವುದಿಲ್ಲ.

ವರ ಅಮೆರಿಕದಲ್ಲಿ ನಾವಿರುವ ಗೈದರ್ಸ್‌ಬರ್ಗಿನಲ್ಲೇ ಹುಟ್ಟಿ ಬೆಳೆದ ಚೀನೀ ಮನೆತನದ ಹುಡುಗ. ಗೋತ್ರದ ಸಮಸ್ಯೆ ಸುಲಭವಾಗಿ ತೀರಿತು. ಗೋತ್ರ ಗೊತ್ತಿಲ್ಲದವರೆಲ್ಲ ಕಾಶ್ಯಪ ಗೋತ್ರ ಎಂದು ಹೇಳಿ ಪುರೋಹಿತರು ಫೋನಿನಲ್ಲೇ ಒಂದು ಪ್ರಾಚೀನ ನಾಗರಿಕತೆಯನ್ನು ಸನಾತನಕ್ಕೆ ಸೇರಿಸಿಕೊಂಡರು. ಉಳಿದದ್ದು ಹಿರಿಯರ ಹೆಸರು. ಕೋಡುಬಳೆಯ ಡಬ್ಬಿ ಹಿಡಿದು ಬೀಗರ ಮನೆಗೆ ಹೋದೆ. ಅವರು ಪ್ರಯೋಗಾಲಯವೊಂದರಿಂದ ನಿವೃತ್ತರಾದ ಮೃದು ಮಾತಿನ ಮನುಷ್ಯ. ಇಬ್ಬರದೂ ಆಮದು ಇಂಗ್ಲಿಷ್ ಆದ್ದರಿಂದ ಪರಸ್ಪರ ಚೆನ್ನಾಗಿ ಅರ್ಥವಾಗುತ್ತಿತ್ತು.

"ಯಾತಕ್ಕೆ ಈ ಹೆಸರುಗಳು?" ಎಂದರು.

"ಧಾರೆಯ ಹೊತ್ತಿನಲ್ಲಿ ಇಂಥವರ ಮರಿಮಗ, ಇಂಥವರ ಮೊಮ್ಮಗ, ಇಂಥವರ ಮಗ ಎಂದು ಮನೆತನದ ಹೆಸರು ಸಮೇತ ಮೂರು ಸಲ ಹೇಳುತ್ತಾರೆ. ಮೈಕಿನಲ್ಲಿ."

ಬೀಗರು ಕಚ್ಚಿದ ಕೋಡುಬಳೆಯನ್ನು ತಟ್ಟೆಗಿಟ್ಟರು. "ಹುಡುಗನ ಹೆಸರು ಸಾಕು. ನಮ್ಮ ಹಿರಿಯರನ್ನು ಬಿಟ್ಟುಬಿಡಿ."

ಈ ವರದಿಯನ್ನು ಮನೆಯಲ್ಲಿ ಒಪ್ಪಿಸಿದಾಗ ನನ್ನ ಹೆಂಡತಿ ಸೊಂಟಕ್ಕೆ ಕೈಯಿಟ್ಟಳು. "ಅಪ್ಪ ಅಜ್ಜನ ಹೆಸರಿಲ್ದೆ ಯಾರ ಮನೆಗೆ ಅಂತ ಧಾರೆ ಎರೀಲಿ ರೀ? ಬೇನಾಮಿ ಮದುವೆನಾ ಇದು?" ಹೆಸರಿಲ್ಲದೆ ಕನ್ಯಾದಾನಕ್ಕೆ ತಾನು ಕೂರುವುದಿಲ್ಲ ಎಂದುಬಿಟ್ಟಳು. ಇನ್ನೊಂದು ಸಲ ಕೇಳಿದರೆ ಬೀಗರು ಮದುವೆಯಿಂದಲೇ ಹಿಂದೆ ಸರಿದಾರು ಎಂಬ ಹೆದರಿಕೆ ನನ್ನದು.

ಆ ವಸಂತದಲ್ಲಿ ನಾವಿಬ್ಬರು, ಬೀಗರಿಬ್ಬರು ಸೇರಿ ಚೀನಾದಲ್ಲಿರುವ ಬೀಗರ ಹುಟ್ಟೂರು ನೋಡಲು ಹೋಗುವುದೆಂದು ಮೊದಲೇ ನಿಗದಿಯಾಗಿತ್ತು. ಕೋವಿಡ್ಡಿನ ಮುಖಗವಸುಗಳೆಲ್ಲ ಡ್ರಾಯರಿನ ತಳ ಸೇರಿದ್ದ ಕಾಲ. ವಿಮಾನ ನಿಲ್ದಾಣದಲ್ಲಿ ಮಗಳು ನಮಗಿಬ್ಬರಿಗೂ ಪಾಠ ಹೇಳಿದಳು. "ಅಪ್ಪ, ಪ್ಲೀಸ್, ಅಲ್ಲಿ ಲೆಕ್ಚರ್ ಕೊಡ್ಬೇಡ. ಅಮ್ಮ, ಯೂ ಟೂ, ಕಂಡಿದ್ದಕ್ಕೆಲ್ಲ ಕುಂಕುಮ ಇಡ್ಬೇಡ." ಎರಡು ಆಜ್ಞೆಗಳನ್ನೂ ನಾವು ಒಂದೇ ಸ್ಥಳದಲ್ಲಿ ಮೀರಿದೆವು.

ಆ ಸ್ಥಳ ಊರಿನ ಸರೋವರದ ದಂಡೆಯಲ್ಲಿರುವ ಒಂದು ಸ್ಮಾರಕ ಗುಡಿ. ಶತಮಾನಗಳ ಹಿಂದೆ ಯುದ್ಧ ಗೆಲ್ಲುತ್ತಿದ್ದ ಸೇನಾಪತಿಯೊಬ್ಬನನ್ನು ನಡುವೆಯೇ ವಾಪಸು ಕರೆಸಿ, ಸುಳ್ಳು ಆಪಾದನೆ ಹೊರಿಸಿ ಕೊಲ್ಲಿಸಿದರಂತೆ. ಆಮೇಲೆ ಗುಡಿ ಕಟ್ಟಿಸಿದರಂತೆ. ಕೊಂದು ಪೂಜಿಸುವ ಪದ್ಧತಿಗೆ ನಾವೇನೂ ಹೊಸಬರಲ್ಲವಾದ್ದರಿಂದ ನನಗೆ ಊರಿಗೆ ಬಂದ ಹಾಗೇ ಆಯಿತು.

ಬೀಗರು ಮಾತ್ರ ಹೆಬ್ಬಾಗಿಲಿನ ಹೊರಗೇ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟರು. ಮಂಡಿ ನೋವಂತೆ. ಹಿಂದಿನ ದಿನವಷ್ಟೇ ಟೀ ತೋಟದ ಗುಡ್ಡವನ್ನು ನನಗಿಂತ ಮುಂಚೆ ಹತ್ತಿದ ಮಂಡಿ ಅದು.

ಒಳಗೆ ಬೀಗಿತ್ತಿ ನಮಗೆ ಎಲ್ಲ ತೋರಿಸಿದರು. ಕತ್ತಿಯ ಮೇಲೆ ಕೈಯಿಟ್ಟು ಕೂತ ಸೇನಾಪತಿಯ ದೊಡ್ಡ ಮೂರ್ತಿ, ಶಾಸನಗಳನ್ನು ಸಾಲಾಗಿ ನಿಲ್ಲಿಸಿದ ಮೊಗಸಾಲೆ, ಸಮಾಧಿಯ ದಾರಿಗೆ ಎರಡೂ ಕಡೆ ಕಲ್ಲಿನ ಕುದುರೆ, ಹುಲಿ, ಅಧಿಕಾರಿಗಳು. ಕಲ್ಲಿನ ಅಧಿಕಾರಿಗಳು ನಾನು ಕಂಡ ಇತರ ಅಧಿಕಾರಿಗಳಂತೆಯೇ ಏನೂ ಮಾಡದೆ ಗಂಭೀರವಾಗಿ ನಿಂತಿದ್ದರು. ಅಷ್ಟರಲ್ಲಿ ಬೀಗಿತ್ತಿಗೆ ಫೋನು ಬಂತು. ಅವರು ಮರದ ಕೆಳಗೆ ಸರಿದರು, ನಾವು ಸಮಾಧಿಯ ಅಂಗಳಕ್ಕೆ ಬಂದೆವು.

ಹುಲ್ಲು ಬೆಳೆದ ಗುಂಡನೆಯ ಸಮಾಧಿ. ಅದಕ್ಕೆ ಎದುರಾಗಿ ಕಂಬಿಯ ಹಿಂದೆ ನಾಲ್ಕು ಕಬ್ಬಿಣದ ಮೂರ್ತಿಗಳು, ಮೂವರು ಗಂಡಸರು, ಒಬ್ಬ ಹೆಂಗಸು, ಮಂಡಿಯೂರಿ ತಲೆ ತಗ್ಗಿಸಿದ್ದಾರೆ.

"ಯಾರ್ರೀ ಇವರು?"

ಗೊತ್ತಿಲ್ಲ ಎನ್ನುವ ಅಭ್ಯಾಸ ನನಗಿಲ್ಲ. "ದೇವರಿಗೆ ಎದುರಾಗಿ ಕೂತಿದಾರೆ ಅಂದ್ರೆ ಪರಿವಾರದವರು ಕಣೇ. ಶಿವನ ಮುಂದೆ ನಂದಿ, ವಿಷ್ಣು ಮುಂದೆ ಗರುಡ ಇರಲ್ವಾ, ಹಾಗೆ. ಮೊದಲು ಇವರಿಗೆ ನಮಸ್ಕಾರ ಮಾಡಿ, ಆಮೇಲೆ ಅವರಿಗೆ."

"ಕೈ ಹಿಂದಕ್ಕೆ ಕಟ್ಟಿದಾರಲ್ಲ?"

"ವಿನಯ."

"ಕಂಬಿ ಯಾಕೆ?"

"ಗರ್ಭಗುಡಿಗೂ ಕಂಬಿ ಇರುತ್ತಪ್ಪ."

ಅವಳಿಗೆ ಸಮಾಧಾನವಾಯಿತು. "ಪಾಪ, ಮುತ್ತೈದೆ ಹಣೆ ಬೋಳು ಬೋಳಾಗಿದೆ" ಎನ್ನುತ್ತ ಕೈಚೀಲದಿಂದ ಕುಂಕುಮದ ಡಬ್ಬಿ ತೆಗೆದು, ಕಂಬಿಯ ಸಂದಿಯಲ್ಲಿ ಕೈ ತೂರಿಸಿ, ಆ ಹೆಂಗಸಿಗೆ ಅಗಲವಾಗಿ ಇಟ್ಟಳು. ಪಂಕ್ತಿಭೇದ ಮಾಡಬಾರದೆಂದು ಗಂಡಸರಿಗೂ ಒಂದೊಂದು ಬೊಟ್ಟು, ಮೇಲೆ ಅಕ್ಷತೆ. ನಾನು ಕಣ್ಣು ಮುಚ್ಚಿ ಕೈ ಮುಗಿದೆ. ಕಣ್ಣು ಬಿಟ್ಟಾಗ ಅಂಗಳದ ಫೋನುಗಳೆಲ್ಲ ನಮ್ಮ ಕಡೆ ತಿರುಗಿದ್ದವು. ಒಬ್ಬ ಅಜ್ಜಿ ನನ್ನನ್ನು ನೋಡಿ ಏನೋ ಕೂಗುತ್ತಿದ್ದರು. ಅದು ಆಶೀರ್ವಾದವಾಗಿರಲಿಲ್ಲ. ಕಾವಲುಗಾರ ಸೀಟಿ ಊದುತ್ತ ಬಂದ.

ಬೀಗಿತ್ತಿ ಓಡಿ ಬಂದರು. "ಅಯ್ಯೋ, ಇವನೇ ಸೇನಾಪತಿಯನ್ನು ಕೊಲ್ಲಿಸಿದ ಮಂತ್ರಿ! ಇವಳು ಅವನ ಹೆಂಡತಿ, ಇವರಿಬ್ಬರು ಜೊತೆಗಾರರು. ಜನ ಉಗುಳಲಿ ಅಂತಲೇ ಇವರನ್ನು ಮಾಡಿಸಿ ಇಟ್ಟದ್ದು. ಈಚೆಗೆ ಉಗುಳಬೇಡಿ ಎಂದು ಬೋರ್ಡು ಹಾಕಿದ್ದಾರೆ." ಆಮೇಲೆ ದನಿ ತಗ್ಗಿಸಿದರು. "ಮಂತ್ರಿಯ ಮನೆತನದ ಹೆಸರೂ ನಮ್ಮದೂ ಒಂದೇ."

ಚಿಕ್ಕಂದಿನಲ್ಲಿ ಶಾಲೆಯವರು ಇಲ್ಲಿಗೆ ಕರೆತಂದಾಗ ಸಹಪಾಠಿಗಳು ಬೀಗರನ್ನು ಈ ಸಾಲಿನ ಕೊನೆಯಲ್ಲಿ ಐದನೆಯವರಾಗಿ ಮಂಡಿಯೂರಿಸಿದ್ದರಂತೆ. ಅಂದಿನಿಂದ ಅವರು ಆ ಬಾಗಿಲು ದಾಟಿಲ್ಲ. ಕಚ್ಚಿಟ್ಟ ಕೋಡುಬಳೆ ನನಗೆ ನೆನಪಾಯಿತು.

ಕಾವಲುಗಾರನಿಗೆ ಈ ಇತಿಹಾಸ ಬೇಕಿರಲಿಲ್ಲ. ಒರೆಸಿ, ಈಗಲೇ ಒರೆಸಿ ಎಂದು ಸನ್ನೆ ಮಾಡುತ್ತಿದ್ದ. ನನ್ನ ಹೆಂಡತಿ ಡಬ್ಬಿ ಮುಚ್ಚಿ ದೂರ ನಿಂತಳು. "ತಪ್ಪಾಯ್ತು ಅಂತ ಹೇಳ್ರೀ. ಆದ್ರೆ ಗಂಡ ಪಕ್ಕದಲ್ಲಿರೋವಾಗ ಮುತ್ತೈದೆ ಹಣೆ ಒರೆಸು ಅಂದ್ರೆ ನನ್ನ ಕೈಲಾಗಲ್ಲ." ನಾನು ಒದ್ದೆ ಟಿಶ್ಯೂ ಹಿಡಿದು ಪ್ರಯತ್ನಿಸಿದೆ. ಕುಂಕುಮ ಕರಗಿ ಇಳಿದು, ಮಂತ್ರಿಗೆ ಆಗತಾನೇ ಅಭಿಷೇಕವಾದಂತೆ ಕಂಡಿತು. ಬೀಗಿತ್ತಿ ಬೇರೆ ದಾರಿ ಕಾಣದೆ ಗಂಡನಿಗೆ ಫೋನು ಮಾಡಿದರು.

ಬೀಗರು ಬಂದರು. ಕಲ್ಲುಕುದುರೆಗಳ ನಡುವೆ ನಿಧಾನವಾಗಿ, ನೆಲ ನೋಡುತ್ತ ಬಂದರು. ಮಂತ್ರಿಯನ್ನು ನೋಡಿದರು, ಅವನ ತಲೆಯ ಮೇಲಿನ ಅಕ್ಷತೆಯನ್ನು ನೋಡಿದರು, ನನ್ನ ಹೆಂಡತಿಯನ್ನು ನೋಡಿದರು. ಮದುವೆ ಮುರಿಯಿತು ಎಂದುಕೊಂಡೆ. ಆಗ ಅವರ ಹೊಟ್ಟೆ ಕುಲುಕತೊಡಗಿತು. ನಗು ಎಷ್ಟು ಜೋರಾಯಿತೆಂದರೆ ಕಾವಲುಗಾರ ಸೀಟಿಯನ್ನು ಬಾಯಿಂದ ತೆಗೆದ.

"ಇವನಿಗೆ ಇಷ್ಟು ಮರ್ಯಾದೆ ಯಾರೂ ಮಾಡಿರಲಿಲ್ಲ" ಎಂದು ಕಣ್ಣೊರೆಸಿಕೊಂಡು, ಅದೇ ಕರವಸ್ತ್ರ ಹಿಡಿದು ಮಂಡಿಯೂರಿದರು. ಕಂಬಿಯೊಳಗೆ ಕೈ ಹಾಕಿ ಒಬ್ಬೊಬ್ಬರ ಹಣೆಯನ್ನೂ ಒರೆಸಿದರು. ಹೆಂಗಸಿನ ಹುಬ್ಬಿನ ನಡುವಿನ ಬಿರುಕಿನಲ್ಲಿ ಮಾತ್ರ ಸ್ವಲ್ಪ ಕೆಂಪು ಉಳಿಯಿತು. ಕಾವಲುಗಾರ ಅದನ್ನೂ ತೋರಿಸಿದ. ಬೀಗರು ಕಾಣದವರಂತೆ ಎದ್ದರು.

ಹೊರಗೆ ಬೆಂಚಿನ ಮೇಲೆ ಕೂತಾಗ ಧೈರ್ಯ ಮಾಡಿ ಕೇಳಿದೆ. "ನೀವು ನಿಜವಾಗಿ ಅವನ ವಂಶದವರೇ?"

"ಗೊತ್ತಿಲ್ಲ. ಹೌದು ಎನ್ನುವುದಕ್ಕೂ ಕಾಗದವಿಲ್ಲ, ಅಲ್ಲ ಎನ್ನುವುದಕ್ಕೂ ಇಲ್ಲ."

"ನಾನು ಒಬ್ಬ ಋಷಿಯ ವಂಶದವನು. ನನ್ನ ಹತ್ತಿರವೂ ಕಾಗದವಿಲ್ಲ. ಋಷಿ ಎಂದ ಮೇಲೆ ಯಾರೂ ಕೇಳುವುದಿಲ್ಲ."

ಅವರು ಪೆನ್ನು ಕೇಳಿ, ನನ್ನ ಟಿಕೆಟ್ಟಿನ ಹಿಂದೆ ಮೂರು ಹೆಸರು ಬರೆದುಕೊಟ್ಟರು. ಹೋಟೆಲಿಗೆ ಬಂದವನೇ ಫಾರ್ಮು ತುಂಬಿದೆ. ನಕ್ಷತ್ರಗಳು ದಾರಿ ಬಿಟ್ಟವು.

ಮದುವೆಯ ದಿನ ಪುರೋಹಿತರು ಪ್ರವರ ಶುರುಮಾಡಿದರು. ಚೀನೀ ಹೆಸರುಗಳಿಗೆ ಸಂಸ್ಕೃತದ ವಿಭಕ್ತಿ ಹಚ್ಚುವ ಸಾಹಸದಲ್ಲಿ ಅವರ ದನಿ ಮೆಲ್ಲಗೆ ಕುಸಿಯಿತು. ಒಂದು ಸಲ ಹೇಳಿದರು, ಎರಡನೆಯ ಸಲ ಇನ್ನೂ ಮೆಲ್ಲಗೆ. ಸಿಲ್ಕ್ ಪಂಚೆ ಉಟ್ಟು ಎದುರಿಗೆ ಕೂತಿದ್ದ ಬೀಗರು ನನ್ನ ಕಡೆ ಬಾಗಿದರು.

"ಇದು ನಮ್ಮ ಹಿರಿಯರ ಹೆಸರೇ ಅಲ್ಲವೇ?"

"ಹೌದು. ಇನ್ನೊಂದು ಸಲ ಹೇಳುತ್ತಾರೆ."

"ಹಾಗಾದರೆ" ಎಂದು ಅವರು ಪಂಚೆ ಸರಿಮಾಡಿಕೊಂಡು ನೆಟ್ಟಗೆ ಕೂತರು, "ಮೈಕು ಸ್ವಲ್ಪ ಹತ್ತಿರ ಹಿಡಿಯಲು ಹೇಳಿ."