ಕಿಡ್ನಿ ಪಾಠ ಹೇಳುವವಳ ಕಿಡ್ನಿ

ಸ್ಟ್ರಿಪ್ ಹಸಿರಾಯಿತು.

ಕ್ಲಾಸಿನಲ್ಲಿ ಮೂತ್ರಪರೀಕ್ಷೆ ತೋರಿಸುತ್ತಿದ್ದೆ. ಒಂದು ಬಾಟಲಿಯಲ್ಲಿ ರೋಗಿಯ ಮೂತ್ರ, ಇನ್ನೊಂದರಲ್ಲಿ ಆರೋಗ್ಯವಂತರದು. ಆರೋಗ್ಯವಂತರದೆಂದು ಪ್ರತಿವರ್ಷ ನನ್ನದನ್ನೇ ಇಡುತ್ತಿದ್ದೆ. ಆ ದಿನ ಎರಡರಲ್ಲೂ ಪ್ರೋಟೀನ್ ಬಂತು, ಕಿಡ್ನಿ ಸೋರುತ್ತಿರುವುದರ ಗುರುತು. ಎರಡು ಬಾಟಲಿಗೂ ರೋಗಿಯದನ್ನೇ ತುಂಬಿದ್ದಾರೆ ಎಂದು ವಿದ್ಯಾರ್ಥಿಗಳು ನಕ್ಕರು. ನಾನೂ ನಕ್ಕೆ. ಪಾಠ ಮುಗಿಸಿ, ಕೋಣೆಗೆ ಬಂದು, ಬಾಗಿಲು ಹಾಕಿಕೊಂಡು ಬಿಪಿ ನೋಡಿಕೊಂಡೆ.

ನೂರ ಎಪ್ಪತ್ತು.

ನಾನು ಕಬ್ಬೂರಿನವಳು. ಚಿಕ್ಕೋಡಿಯಲ್ಲಿ ಪಿಯುಸಿ ಮುಗಿಸಿ, ಡಾಕ್ಟರಾಗಿ, ಹದಿನೆಂಟು ವರ್ಷಗಳಿಂದ ಮೆಡಿಕಲ್ ಕಾಲೇಜಿನ ಕಿಡ್ನಿ ವಿಭಾಗದಲ್ಲಿ ಪಾಠ ಮಾಡುತ್ತಿದ್ದೇನೆ. ಈಗ ಅದರ ಮುಖ್ಯಸ್ಥೆ. ರಾಯಬಾಗ, ಅಥಣಿ, ಕಾಗವಾಡದ ಕಡೆಯ ರೋಗಿಗಳು ನನ್ನ ಮಾತು ಕೇಳಿದೊಡನೆ, ‘ಡಾಕ್ಟರ್‌ಬಾಯಿ ನಮ್ಮ ಕಡೆಯವರ ಅದಾರ’ ಎಂದು ನಿರಾಳವಾಗುತ್ತಿದ್ದರು. ಆ ನಂಬಿಕೆಯೇ ನನ್ನ ದೊಡ್ಡ ಸಂಪಾದನೆ ಎಂದುಕೊಂಡಿದ್ದೆ.

ಸೂಜಿಯಿಂದ ಕಿಡ್ನಿಯ ಚೂರು ತೆಗೆದು ಬಯಾಪ್ಸಿ ಮಾಡಿದ್ದು ಡಾ. ಸಮೀರ್. ಕುಡಚಿಯವನು, ಆ ಸೂಜಿ ಹಿಡಿಯುವುದನ್ನು ನನ್ನಿಂದಲೇ ಕಲಿತವನು.

“ಮೇಡಮ್, ಈಗ ಉಸಿರು ಹಿಡೀರಿ.”

ಸೂಜಿ ಒಂದೇ ಸಲಕ್ಕೆ ಸರಿಯಾದ ಜಾಗಕ್ಕೆ ಇಳಿಯಿತು. ಬೋರಲು ಮಲಗಿದ್ದ ನನಗೆ ಹೆಮ್ಮೆಯೇ ಆಯಿತು. ರಿಪೋರ್ಟ್ ಕೊಡುವಾಗ ಮಾತ್ರ ಅವನು ನನ್ನ ಮುಖ ನೋಡಲಿಲ್ಲ. ಐಜಿಎ ನೆಫ್ರೋಪತಿ, ಸದ್ದಿಲ್ಲದೆ ಕಿಡ್ನಿ ತಿನ್ನುವ ಕಾಯಿಲೆ. ಕಿಡ್ನಿಯ ಸೋಸುವ ಭಾಗ ಅರ್ಧಕ್ಕಿಂತ ಹೆಚ್ಚು ಹಾಳಾಗಿತ್ತು.

ಎರಡು ವರ್ಷ ಮಾತ್ರೆಗಳಲ್ಲಿ ಕಳೆದೆ. ಒಂದು ಕ್ಲಾಸನ್ನೂ ತಪ್ಪಿಸಲಿಲ್ಲ. ಆಮೇಲೆ ಕಾಲು ಊದಿಕೊಂಡವು, ಅನ್ನ ಬಾಯಿಗೆ ಕಬ್ಬಿಣದಂತಾಯಿತು. ವಾರಕ್ಕೆ ಮೂರು ಡಯಾಲಿಸಿಸ್. ಪಿಜಿ ವಿದ್ಯಾರ್ಥಿಗಳು ಬೆಡ್ ಸುತ್ತ ನಿಂತು ಕೇಸ್ ಹೇಳುತ್ತಿದ್ದರು. ನಾನು ಮಲಗಿಯೇ ತಿದ್ದುತ್ತಿದ್ದೆ. ನೀರು ಕಡಿಮೆ ಕುಡಿಯಿರಿ ಎಂದು ಎಷ್ಟೋ ಜನರನ್ನು ಗದರಿದವಳು ನಾನು. ಬಾಯಾರಿಕೆ ಎಂದರೆ ಏನೆಂದು ಆಗ ಗೊತ್ತೇ ಇರಲಿಲ್ಲ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಯಾರೋ ಮಜ್ಜಿಗೆ ಕುಡಿಯುವುದನ್ನು ನೋಡುತ್ತ ನಿಂತುಬಿಡುತ್ತಿದ್ದೆ.

ಸುದ್ದಿ ಕೇಳಿ ಅಕ್ಕ ಬಂದಳು. ಶಾಂತಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಕಬ್ಬೂರಿನಲ್ಲಿ ಕಬ್ಬು, ಎರಡು ಎಮ್ಮೆ, ಮನೆ ಎಲ್ಲ ಅವಳದೇ ಉಸ್ತುವಾರಿ.

“ನನ್ನ ಕಿಡ್ನಿ ತಗೋ,” ಅಂದಳು, ಚೀಲ ಕೆಳಗಿಡುವ ಮೊದಲೇ.

“ಬ್ಯಾಡ ಅಕ್ಕಾ.”

“ಯಾಕ?”

“ನಿನಗೇನರೆ ಆದ್ರ?”

ಅವಳು ನನ್ನನ್ನೇ ದಿಟ್ಟಿಸಿದಳು. “ಕೊಟ್ಟವರಿಗೆ ಏನೂ ಆಗಂಗಿಲ್ಲಂತ ಮಂದಿಗೆಲ್ಲಾ ನೀನ ಹೇಳ್ತಿದ್ದಿ. ಸುಳ್ಳ ಹೇಳ್ತಿದ್ದೇನ ಬೇ?”

ಅವಳ ಕೈಯ ಚೀಲ ತೆಗೆದುಕೊಂಡು ಕೆಳಗಿಟ್ಟೆ.

ಸುಳ್ಳು ಹೇಳಿರಲಿಲ್ಲ. ಆದರೆ ಪೂರ್ತಿಯಾಗಿಯೂ ಹೇಳಿರಲಿಲ್ಲ. ರೋಗಿಯನ್ನು ಉಳಿಸುವ ಆತುರದಲ್ಲಿ ಪಕ್ಕದಲ್ಲಿ ಕುಳಿತ ಹೆಂಡತಿಗೋ ತಾಯಿಗೋ ಎರಡು ಮಾತು ಹೇಳಿ ಸಹಿ ಹಾಕಿಸಿದ್ದೆ. ಕೊಡುವುದು ನನ್ನ ಅಕ್ಕ ಎಂದಾದಾಗ, ಆಪರೇಷನ್ನಿನ ಅಪಾಯ, ಮುಂದೆ ಬರಬಹುದಾದ ಬಿಪಿ, ಬದುಕಿಡೀ ತಪ್ಪದ ಪರೀಕ್ಷೆ, ಎಲ್ಲವೂ ಒಮ್ಮೆಲೇ ಎದುರು ನಿಂತವು. ಅವಳನ್ನು ಕೂರಿಸಿಕೊಂಡು ಒಂದೊಂದಾಗಿ ಹೇಳಿದೆ. ಅರ್ಧ ದಿನ ಹಿಡಿಯಿತು. ಅಕ್ಕ ನಡುವೆ ನಡುವೆ ಪ್ರಶ್ನೆ ಕೇಳಿದಳು. ಹೆದರಿಕೆ ಆಗುತ್ತದೆ ಎಂದೂ ಅಂದಳು.

ಕೊನೆಗೆ, “ಆತು, ತಿಳೀತು. ಈಗ ಹೇಳ್ತೀನಿ, ಕೊಡ್ತೀನಿ,” ಅಂದಳು.

ಪರೀಕ್ಷೆಗಳಲ್ಲಿ ಅವಳ ಕಿಡ್ನಿ ನನಗೆ ಹೊಂದಿತು, ಆಪರೇಷನ್ ಆಯಿತು. ಎಚ್ಚರವಾದಾಗ ಸಮೀರ್ ಮೂತ್ರದ ಚೀಲ ಎತ್ತಿ ತೋರಿಸಿ, “ಮೇಡಮ್, ಹರಿಯಾಕತ್ತೈತ್ರಿ!” ಎಂದ. ಅವನ ಕಣ್ಣು ಒದ್ದೆಯಾಗಿತ್ತು. ನಾನು ಮೊದಲು ಕೇಳಿದ್ದು ಅಕ್ಕನ ಬಿಪಿ.

ಈಗ ಎಂಟು ತಿಂಗಳು. ಕಿಡ್ನಿಯ ಕೆಲಸದ ಲೆಕ್ಕ ಹೇಳುವ ರಕ್ತದ ಕ್ರಿಯಾಟಿನಿನ್ ನನ್ನದು ಚೆನ್ನಾಗಿದೆ. ಅಕ್ಕನದೂ. ಹೊಸ ಕಿಡ್ನಿಯನ್ನು ದೇಹ ತಳ್ಳಿಹಾಕದಂತೆ ನುಂಗುವ ಮಾತ್ರೆಗಳಿಂದ ಬೆರಳು ಸ್ವಲ್ಪ ನಡುಗುತ್ತವೆ, ಮಾಸ್ಕ್ ಬಿಡುವಂತಿಲ್ಲ. ಹೊಸ ಕಿಡ್ನಿ ಎಷ್ಟು ವರ್ಷ ಬಾಳುತ್ತದೆಂದು ಯಾರೂ ಮಾತು ಕೊಡಲಾರರು. ನಾನೂ ಯಾರಿಗೂ ಅಂಥ ಮಾತು ಕೊಟ್ಟವಳಲ್ಲ. ಆದರೆ ಕೆಲಸಕ್ಕೆ ಮರಳಿದ್ದೇನೆ, ಮೊದಲಿಗಿಂತ ಒಳ್ಳೆಯ ಡಾಕ್ಟರಾಗಿ ಮರಳಿದ್ದೇನೆ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಕಳೆದ ವಾರ, ನಾನು ತಿಂಗಳಿಗೊಮ್ಮೆ ಕೂರುವ ಚಿಕ್ಕೋಡಿಯ ಕ್ಲಿನಿಕ್ಕಿಗೆ ಕೊಗನೊಳ್ಳಿಯಿಂದ ಗಂಡ ಹೆಂಡತಿ ಬಂದಿದ್ದರು. ಗಂಡನ ಎರಡೂ ಕಿಡ್ನಿ ಹೋಗಿವೆ. ಹೆಂಡತಿ ಕೊಡುತ್ತಾಳೆ ಎಂದು ಅವನೇ ಹೇಳಿದ. ಅವನನ್ನು ಹೊರಗೆ ಕೂರಲು ಹೇಳಿ, ಕುರ್ಚಿಯನ್ನು ಆಕೆಯ ಕಡೆ ತಿರುಗಿಸಿಕೊಂಡೆ.

“ನಿಮಗೇನು ಕೇಳೂದೈತ್ರಿ?”

ಆಕೆ ಬಾಗಿಲ ಕಡೆ ನೋಡಿ ಸೆರಗು ಸರಿಮಾಡಿಕೊಂಡಳು. ಆಮೇಲೆ, “ಕೊಟ್ಟ ಮ್ಯಾಲೆ ಹುಲ್ಲಿನ ಹೊರಿ ಎತ್ತಾಕ ಆಗತೈತೇನ್ರಿ?” ಎಂದಳು.

ಪುಸ್ತಕದ ಉತ್ತರ ನನಗೆ ಗೊತ್ತಿತ್ತು. ಆದರೆ ಫೋನ್ ಎತ್ತಿ ಕಬ್ಬೂರಿಗೆ ಹಚ್ಚಿದೆ. “ಅಕ್ಕಾ, ಇಲ್ಲೊಬ್ಬರು ನಿನ್ನ ಏನೋ ಕೇಳಬೇಕಂತ,” ಎಂದು ಹೇಳಿ ಆಕೆಯ ಕೈಗೆ ಕೊಟ್ಟು, ನಾನು ಎದ್ದು ಹೊರಗೆ ಬಂದೆ.