ಪಾಲು ಕಟ್ಟದ ಊರಿನ ಶಾಲೆ

ಕೆ.ಆರ್. ನಗರದ ಬಸ್ ನಿಲ್ದಾಣದಲ್ಲಿ ಇಡ್ಲಿ ತಿಂದು ಚುಂಚನಕಟ್ಟೆ ಕಡೆಯ ಬಸ್ಸು ಹತ್ತಿದಾಗ ಬೆಳಗಿನ ಏಳೂವರೆ. ಆಷಾಢದ ಜಿಟಿಜಿಟಿ ಮಳೆ. ತೊಂಬತ್ತರ ದಶಕದ ಕೊನೆಯ ಆ ವರ್ಷ ನಾನು ಬಿ.ಎ. ಮುಗಿಸಿ, ಸರ್ಕಾರಿ ಶಾಲೆಗಳ ಕಟ್ಟಡ ನೋಡಿ ವರದಿ ಬರೆಯುವ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದೆ. ಎರಡು ದಿನದಲ್ಲಿ ಎರಡು ಶಾಲೆ.

ಮೊದಲನೆಯದು ನಾಲೆಯಂಚಿನ ಊರಿನದು. ಹೊಸ ಕೊಠಡಿ, ಕಾಂಪೌಂಡು, ಬಣ್ಣ ಬಳಿದ ಗೇಟು. ಜೊತೆಗೆ ಬಂದ ರೈತರೊಬ್ಬರು ಹೆಮ್ಮೆಯಿಂದ ಹೇಳಿದರು: "ಸುಗ್ಗೀಲಿ ಮನೆಗಿಷ್ಟು ಭತ್ತ ಅಂತ ಎತ್ತುದ್ವಿ ಕಣ್ರೀ. ಮಾರಿ ದುಡ್ಡು ಕಟ್ಟುದ್ವಿ. ನಾವ್ ಹಾಕ್ದಷ್ಟನ್ನೇ ಸರ್ಕಾರನೂ ಹಾಕ್ತು."

ನಿಯಮವೇ ಹಾಗಿತ್ತು. ಊರಿನವರು ತಮ್ಮ ಪಾಲು ಕಟ್ಟಿದರೆ ಇಲಾಖೆಯ ಪಾಲು. ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. ನಾನೂ ಮೆಚ್ಚಿ ಬರೆದುಕೊಂಡೆ.

ರಾತ್ರಿ ಹುಣಸೂರಿನಲ್ಲಿ ಉಳಿದು ಮರುದಿನ ಎಚ್.ಡಿ. ಕೋಟೆ ಬಸ್ಸು ಹಿಡಿದೆ. ಎಂಟು ರೂಪಾಯಿ ಟಿಕೆಟ್. ಇಳಿದ ಮೇಲೆ ಕೆಸರಿನಲ್ಲಿ ಮೂರು ಮೈಲಿ ನಡಿಗೆ. ಎರಡೂ ಕಡೆ ಹತ್ತಿ, ಆಗಷ್ಟೇ ಮೊಳೆತ ರಾಗಿ. ನಾಲೆಯ ಸುಳಿವಿಲ್ಲ.

ಶಾಲೆಯೆಂದರೆ ಹೆಂಚಿನ ಒಂದೇ ಕೋಣೆ. ಮೇಷ್ಟ್ರು ನಡುವೆ ಜಮಖಾನ ಹಾಸಿ, ಯಾರದೋ ಮನೆಯಿಂದ ಕೈಕುರ್ಚಿ ತರಿಸಿದ್ದರು. ಬಂದವರನ್ನು ಮೂಲೆಯಲ್ಲಿ ಕೂರಿಸುವುದು ಆ ಊರಿಗೆ ಅವಮಾನ. ಮಕ್ಕಳು ಗೋಡೆಯುದ್ದಕ್ಕೂ ಕೂತಿದ್ದರು. ನಾನು ಕುರ್ಚಿಯಲ್ಲಿ ಕೂತು ಬರೆಯತೊಡಗಿದೆ. ಮಗಳನ್ನು ಬಿಡಲು ಬಂದಿದ್ದ ದೇವಮ್ಮ ಎಂಬಾಕೆ ಬಾಗಿಲಲ್ಲೇ ನಿಂತಳು.

"ಮೇಷ್ಟ್ರೇ, ತೊಲೆಗೆ ಆಸ್ರೆ ಕೊಟ್ಟಿದ್ ಕಂಬ ಎಲ್ಲಿ?"

"ಸುಮ್ನಿರಮ್ಮ. ಸಾಹೇಬ್ರು ಕೂರೋಕೆ ಅಡ್ಡ ಆಗ್ತಿತ್ತು. ಒಂದು ಗಳಿಗೆ ತೆಗ್ಸಿದೀನಿ."

ಯಾವ ಕಂಬ ಎಂದು ಕೇಳುವಷ್ಟರಲ್ಲಿ ನನ್ನ ಹಾಳೆಯ ಮೇಲೆ ಮಣ್ಣು ಉದುರಿತು. ಮೇಲೆ ಲಟ್ಟೆಂದಿತು.

"ಎದ್ದೋಡ್ರೋ! ಆಚಿಕ್ ಓಡ್ರೋ!" ದೇವಮ್ಮ ಒಳಗೆ ನುಗ್ಗಿ ಕೈಗೆ ಸಿಕ್ಕ ಮಕ್ಕಳನ್ನು ಹೊರಗೆಸೆದಳು. ನಾನು ಮಕ್ಕಳಿಗಿಂತ ಮೊದಲೇ ಬಾಗಿಲು ದಾಟಿದ್ದೆ, ಇದನ್ನು ಮುಚ್ಚಿಡಲಾರೆ. ತೊಲೆ ಕುರ್ಚಿಯ ಮೇಲೆಯೇ ಬಿತ್ತು. ಎಲ್ಲರೂ ಉಳಿದರು. ದೇವಮ್ಮನ ಮಗಳ ಪಾದದ ಮೇಲೆ ಹೆಂಚು ಬಿದ್ದು ಸೀಳಿತ್ತು. ಆ ಲಟ್ಟೆಂಬ ಸದ್ದು ಇಂದಿಗೂ ಕಿವಿಯಲ್ಲಿದೆ. ಒಂದು ಗಳಿಗೆ ತಡವಾಗಿದ್ದರೆ ಎಂದು ಎಣಿಸುತ್ತಲೇ ಇರುತ್ತೇನೆ.

ಮೇಷ್ಟ್ರು ಕಣ್ಣೊರೆಸಿಕೊಂಡು ಹೇಳಿದರು: "ನನ್ದೇ ತಪ್ಪು ಸಾರ್. ರಿಪೇರಿಗೆ ಮೂರು ಸಲ ಬರ್ದೆ. ಊರಿನ ಪಾಲು ತನ್ನಿ ಅಂದ್ರು. ಇವ್ರು ಕಲ್ಲು ಹೊರ್ತೀವಿ, ಮಣ್ಣು ತುಳೀತೀವಿ ಅಂದ್ರೆ, ದುಡ್ಡೇ ಆಗ್ಬೇಕಂತೆ."

ಕಂಬ ತೆಗೆದದ್ದು ಅವರು, ನಿಜ. ಆದರೆ ಆ ಸೂರನ್ನು ಒಂದೇ ಕಂಬದ ಮೇಲೆ ನಿಲ್ಲಿಸಿದವರು ಯಾರು? ನಾಲೆ ಕೊಟ್ಟದ್ದೂ ಸರ್ಕಾರವೇ. ನೀರು ಕೊಟ್ಟ ಊರಿಗೇ ಕೊಠಡಿಯನ್ನೂ ಕೊಟ್ಟು, ತಾನು ಏನನ್ನೂ ಕೊಡದ ಊರಿನ ಮುಂದೆ ಕೈಚಾಚುವುದು ಯಾವ ಸೀಮೆಯ ನ್ಯಾಯ?

ಎತ್ತಿನ ಗಾಡಿಯಲ್ಲಿ ರಸ್ತೆಗೆ ಬಂದು, ಬಸ್ಸಿನಲ್ಲಿ ಕೋಟೆಗೆ ಹೋಗಿ, ಆಸ್ಪತ್ರೆಯಲ್ಲಿ ಹುಡುಗಿಯ ಕಾಲಿಗೆ ಹೊಲಿಗೆ ಹಾಕಿಸಿದೆವು. ಅಲ್ಲಿಂದ ನೇರ ಇಲಾಖೆಯ ಕಚೇರಿಗೆ. ಗುಮಾಸ್ತರು ಎಲ್ಲ ಕೇಳಿಸಿಕೊಂಡು ಕಡತ ತೆರೆದರು.

"ಬಿದ್ದುಹೋದ ಕಟ್ಟಡಕ್ಕೆ ರಿಪೇರಿ ಹಣ ಬರಲ್ಲ. ಹೊಸದಕ್ಕೇ ಅರ್ಜಿ ಹಾಕ್ಬೇಕು. ಅದಕ್ಕೆ ಗ್ರಾಮಸ್ಥರ ಪಾಲು ಇನ್ನೂ ಜಾಸ್ತಿ."

"ನೀವು ಕೂತಿರೋ ಈ ಕಟ್ಟಡಕ್ಕೆ ನೀವೆಷ್ಟು ಕಟ್ಟುದ್ರಿ ಸಾಮಿ?" ಎಂದಳು ದೇವಮ್ಮ.

ಗುಮಾಸ್ತರ ಮುಖ ಕೆಂಪಾಯಿತು. "ಸೋಮವಾರ ಬಾಮ್ಮ. ಸಾಹೇಬರು ಇರ್ತಾರೆ."

"ಸೋಮಾರ ಬತ್ತೀನಿ ಬುಡಿ. ನಾಳೀಕೆ ಮಕ್ಳುನ್ನ ಎಲ್ಲಿ ಕೂರ್ಸದು, ಅದೇಳಿ."

ಗುಮಾಸ್ತರು ಕಡತ ಮುಚ್ಚಿದರು. ನಾನು ರಸ್ತೆಗೆ ಬಂದು ಬಸ್ಸು ಹತ್ತಿದೆ. ಮೈಸೂರು ಬಸ್ಸು ಹೊರಟಿತು. ಕಿಟಕಿಯಿಂದ ನೋಡಿದಾಗ ದೇವಮ್ಮ ಇನ್ನೂ ಕಚೇರಿಯ ಬಾಗಿಲಲ್ಲೇ ನಿಂತಿದ್ದಳು, ಮಗಳನ್ನು ಸೊಂಟದಿಂದ ಇಳಿಸದೆ.